ಅಥೆನ್ಸಿನ ಅಳಿಯ: ಬೋರಿಯಾಸ್ ಎಂಬ ಬಡಗಾಳಿ

ಗಾಳಿಗೂ ಸೂರ್ಯನಿಗೂ ಪಂತ ಬಿದ್ದ ಕಥೆಯನ್ನು ಚಿಕ್ಕಂದಿನಲ್ಲಿ ಕೇಳದವರು ಕಡಿಮೆ. ದಾರಿಹೋಕನ ಮೈಮೇಲಿನ ಕಂಬಳಿಯನ್ನು ಯಾರು ತೆಗೆಸುತ್ತಾರೋ ಅವರೇ ಬಲಶಾಲಿ ಎಂಬ ಪಂತ. ಗಾಳಿ ಜೋರಾಗಿ ಬೀಸಿದಷ್ಟೂ ಅವನು ಕಂಬಳಿಯನ್ನು ಬಿಗಿಯಾಗಿ ಸುತ್ತಿಕೊಂಡ. ಸೂರ್ಯ ಸುಮ್ಮನೆ ಬಿಸಿಲು ಚೆಲ್ಲಿದ, ಅವನೇ ಕಂಬಳಿ ಕಳಚಿ ಹೆಗಲಿಗೆ ಹಾಕಿಕೊಂಡ. ಈಸೋಪನ ಹೆಸರಿನಲ್ಲಿ ಬಂದ ಈ ಕಥೆ ನಮ್ಮ ಕಿವಿಗೆ ಬೀಳುವ ಹೊತ್ತಿಗೆ ಗಾಳಿಯ ಹೆಸರು ಎಲ್ಲೋ ಉದುರಿ ಹೋಗಿತ್ತು. ಗ್ರೀಕ್ ಮೂಲದಲ್ಲಿ ಸೋತದ್ದು ಯಾವುದೋ ಒಂದು ಗಾಳಿಯಲ್ಲ, ಬೋರಿಯಾಸ್. ಉತ್ತರದ ಥ್ರೇಸ್ ನಾಡಿನಿಂದ ಬೀಸುವ ಬಡಗಾಳಿ. ಅವನಿಗೆ ರೆಕ್ಕೆಯಿತ್ತು, ಕೆದರಿದ ಗಡ್ಡವಿತ್ತು, ಮನೆ, ಹೆಂಡತಿ, ನಾಲ್ವರು ಮಕ್ಕಳಿದ್ದರು. ಅಥೆನ್ಸಿನಲ್ಲಿ ಮಾವನ ಮನೆಯೂ ಇತ್ತು.

ಆ ಮಾವನ ಮನೆಯ ವ್ಯವಹಾರವನ್ನು ಹೇಳುವ ಮೊದಲು ಒಂದು ಗೊಂದಲವನ್ನು ಬಿಡಿಸಬೇಕು. ಗ್ರೀಕರ ವಾಯುದೇವ ಯಾರು ಎಂದು ಹುಡುಕಿದರೆ ಒಂದು ಕಡೆ ಏಯೊಲಸ್ ಎಂದಿರುತ್ತದೆ, ಇನ್ನೊಂದು ಕಡೆ ಜೆಫಿರೋಸ್, ಮತ್ತೊಂದು ಕಡೆ ಬೋರಿಯಾಸ್. ವಾಯು ಎಂದರೆ ಒಬ್ಬನೇ, ಹನುಮನಿಗೂ ಭೀಮನಿಗೂ ತಂದೆ ಎಂದು ಕೇಳುತ್ತ ಬೆಳೆದ ನಮಗೆ ಇದು ತಲೆಕೆಡಿಸುವ ಸಂಗತಿ. (ನಮ್ಮಲ್ಲೂ ವೇದದ ಮರುತ್ತುಗಳು ಗುಂಪಾಗಿಯೇ ಬರುತ್ತಾರೆ, ನಿಜ. ಆದರೆ ಅವರು ದಿಕ್ಕು ಹಂಚಿಕೊಂಡವರಲ್ಲ.) ಗ್ರೀಕರಿಗೆ ಗಾಳಿ ಎಂಬ ಒಂದೇ ವಸ್ತು ಇರಲಿಲ್ಲ ಎಂದುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಅವರಿಗೆ ಇದ್ದದ್ದು ಗಾಳಿಗಳು. ಬಡಗಣದಿಂದ ಬೋರಿಯಾಸ್, ತೆಂಕಣದಿಂದ ನೋಟೋಸ್, ಪಡುವಣದಿಂದ ಜೆಫಿರೋಸ್, ಮೂಡಣದಿಂದ ಯೂರೋಸ್. ಹಾಯಿ ಬಿಚ್ಚುವವನಿಗೆ, ಬಳ್ಳಿ ಬೆಳೆಯುವವನಿಗೆ, ಧಾನ್ಯ ತೂರುವವನಿಗೆ ಈ ನಾಲ್ಕೂ ಬೇರೆ ಬೇರೆ ಸ್ವಭಾವದ ನಾಲ್ಕು ಆಸಾಮಿಗಳು. ಒಬ್ಬನನ್ನು ಕರೆಯುವ ಕಡೆ ಇನ್ನೊಬ್ಬ ಬಂದರೆ ಹಡಗು ಮುಳುಗುತ್ತದೆ.

ಈ ಪೂಜೆ ಬಹಳ ಹಳೆಯದು. ಕ್ರೀಟ್ ದ್ವೀಪದ ನೋಸೋಸ್ ಅರಮನೆಯಲ್ಲಿ ಸಿಕ್ಕ ಮಣ್ಣಿನ ಹಲಗೆಗಳಲ್ಲಿ, ಮಹಾಕವಿ ಹೋಮರನಿಗಿಂತ ನೂರಾರು ವರ್ಷ ಹಿಂದಿನ ಲೀನಿಯರ್ ಬಿ ಲಿಪಿಯಲ್ಲಿ, ‘ಗಾಳಿಗಳ ಪೂಜಾರಿಣಿ’ಗೆ ಕೊಡಬೇಕಾದ ಎಣ್ಣೆಯ ಲೆಕ್ಕವಿದೆ. ಅಲ್ಲಿ ಸ್ತೋತ್ರವೂ ಇಲ್ಲ, ಪುರಾಣವೂ ಇಲ್ಲ. ಶಾನುಭೋಗನೊಬ್ಬನ ಖರ್ಚಿನ ಪಟ್ಟಿ ಅಷ್ಟೆ. ಗಾಳಿಗಳಿಗೆ ಪೂಜಾರಿಣಿ ಇದ್ದಳು, ಅವಳಿಗೆ ಅರಮನೆಯಿಂದ ಎಣ್ಣೆ ಹೋಗುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ವಂಶಾವಳಿ ಬಂದದ್ದು ಕವಿ ಹೆಸಿಯಡ್‌ನಿಂದ. ಅವನ ಪ್ರಕಾರ ಉಷೆಯ ದೇವತೆ ಇಯೋಸ್ ತಾಯಿ, ನಕ್ಷತ್ರಗಳ ಅಸ್ಟ್ರೇಯೋಸ್ ತಂದೆ; ಮಕ್ಕಳು ಜೆಫಿರೋಸ್, ಬೋರಿಯಾಸ್, ನೋಟೋಸ್. ಮೂಡಗಾಳಿ ಯೂರೋಸ್ ಅವನ ಪಟ್ಟಿಯಲ್ಲೇ ಇಲ್ಲ. ಹಾಗಾದರೆ ಹಡಗು ಒಡೆಯುವ, ಬೆಳೆ ಮಲಗಿಸುವ ಬಿರುಗಾಳಿಗಳು ಯಾರವು? ಅವು ಟೈಫೋಯಸ್ ಎಂಬ ದೈತ್ಯನಿಂದ ಹುಟ್ಟಿದವು, ಗೊತ್ತುಗುರಿಯಿಲ್ಲದವು ಎನ್ನುತ್ತಾನೆ ಹೆಸಿಯಡ್. ದೇವರ ಮಕ್ಕಳಾದ ಮೂವರು ಗಾಳಿಗಳು ಮನುಷ್ಯರಿಗೆ ದೊಡ್ಡ ಉಪಕಾರಿಗಳು. ಮಿಕ್ಕವು ದಿಕ್ಕಿಲ್ಲದ, ಹೆಸರಿಲ್ಲದ ಪುಂಡು ಗಾಳಿಗಳು. ಹೆಸರೂ ಹೆತ್ತವರೂ ಗೊತ್ತಿರುವ ಗಾಳಿಯೊಡನೆ ಮಾತಾಡಬಹುದು, ಹರಕೆ ಹೊರಬಹುದು. ಹೆಸರೇ ಇಲ್ಲದ್ದನ್ನು ಏನೆಂದು ಕರೆಯುವುದು?

ಇನ್ನು ಏಯೊಲಸ್. ಹೋಮರನ ಕಾವ್ಯ ಒಡಿಸ್ಸಿಯ ಹತ್ತನೆಯ ಸರ್ಗದಲ್ಲಿ ಅವನು ತೇಲುವ ದ್ವೀಪವೊಂದರಲ್ಲಿ, ಕಂಚಿನ ಗೋಡೆಯ ಒಳಗೆ, ಆರು ಗಂಡು ಆರು ಹೆಣ್ಣು ಮಕ್ಕಳೊಡನೆ ಸುಖವಾಗಿದ್ದಾನೆ. ಒಡಿಸ್ಸಿಯಸ್‌ನನ್ನು ಒಂದು ತಿಂಗಳು ಉಪಚರಿಸಿ, ಒಂಬತ್ತು ವರ್ಷದ ಎತ್ತಿನ ಚರ್ಮದ ಚೀಲದಲ್ಲಿ ಬೇಡದ ಗಾಳಿಗಳನ್ನೆಲ್ಲ ತುಂಬಿ, ಬೆಳ್ಳಿಯ ದಾರದಿಂದ ಬಾಯಿ ಕಟ್ಟಿ ಕೊಡುತ್ತಾನೆ. ಊರಿನ ಕಡೆಗೆ ಒಯ್ಯುವ ಪಡುಗಾಳಿಯನ್ನು ಮಾತ್ರ ಹೊರಗೆ ಬಿಡುತ್ತಾನೆ. ಹತ್ತನೆಯ ದಿನ ಊರಿನ ಬೆಂಕಿ ಕಾಣುವಷ್ಟು ಹತ್ತಿರ ಬಂದಾಗ ಒಡಿಸ್ಸಿಯಸ್‌ಗೆ ನಿದ್ದೆ ಹತ್ತುತ್ತದೆ, ಚಿನ್ನ ಇದ್ದೀತೆಂದು ಜೊತೆಗಾರರು ಚೀಲ ಬಿಚ್ಚುತ್ತಾರೆ, ಹಡಗು ಬಂದ ದಾರಿಗೇ ವಾಪಸು. ಕಥೆ ಸೊಗಸಾಗಿದೆ, ಆದರೆ ಹೋಮರ್ ಅವನನ್ನು ದೇವರೆಂದು ಕರೆಯುವುದಿಲ್ಲ. ದೇವರಿಗೆ ಪ್ರಿಯನಾದವನು ಎನ್ನುತ್ತಾನೆ, ಗಾಳಿಗಳ ಉಗ್ರಾಣಿ ಎನ್ನುತ್ತಾನೆ. ಬೀಗದ ಕೈ ಅವನ ಸೊಂಟದಲ್ಲಿತ್ತು, ಅಷ್ಟೆ. ಅವನಿಗೆ ಗಾಳಿಗಳ ರಾಜನ ಪಟ್ಟ ಕಟ್ಟಿದವರು ಮುಂದಿನ ಕವಿಗಳು, ಮುಖ್ಯವಾಗಿ ರೋಮನ್ನರು.

ಬೋರಿಯಾಸ್ ಹಾಗಲ್ಲ. ಇಲಿಯಡ್‌ನಲ್ಲಿ ಅವನಿಗೆ ಸ್ವಂತ ವ್ಯಕ್ತಿತ್ವವಿದೆ. ಯುದ್ಧದಲ್ಲಿ ಸತ್ತ ಗೆಳೆಯ ಪೆಟ್ರೋಕ್ಲಸ್‌ನ ಚಿತೆ ಹತ್ತಿಕೊಳ್ಳದೆ ಹೋದಾಗ ಅಕಿಲೀಸ್ ಚಿನ್ನದ ಬಟ್ಟಲಿನಿಂದ ದ್ರಾಕ್ಷಾರಸ ಎರೆದು ಬೋರಿಯಾಸ್‌ಗೂ ಜೆಫಿರೋಸ್‌ಗೂ ಹರಕೆ ಹೊರುತ್ತಾನೆ. ಆ ಮಾತನ್ನು ಮುಟ್ಟಿಸಲು ದೇವದೂತಿ ಐರಿಸ್ ಹೋದರೆ ಗಾಳಿಗಳೆಲ್ಲ ಜೆಫಿರೋಸ್‌ನ ಮನೆಯಲ್ಲಿ ಪಂಕ್ತಿಗೆ ಕುಳಿತಿವೆ. ಅವಳು ಕಲ್ಲಿನ ಹೊಸ್ತಿಲ ಮೇಲೆ ನಿಂತದ್ದೇ ತಡ, ಎಲ್ಲರೂ ದಡಬಡ ಎದ್ದು ‘ನನ್ನ ಪಕ್ಕ ಕುಳಿತುಕೋ’ ಎಂದು ಕರೆಯತೊಡಗುತ್ತಾರೆ. ಅವಳು ಕೂರುವುದಿಲ್ಲ, ಇಥಿಯೋಪಿಯರ ನಾಡಿನಲ್ಲಿ ಬಲಿಯೂಟವಿದೆ, ಹೊತ್ತಾಯಿತು ಎಂದು ಹೇಳಿ ಹೊರಡುತ್ತಾಳೆ. ಹೆಣದ ಮುಂದೆ ಅಕಿಲೀಸ್ ಕುಸಿದು ಕೂತಿರುವಾಗ ಹೋಮರ್ ಈ ಚಿಕ್ಕ ನಗೆಯನ್ನು ತಂದಿಡುತ್ತಾನಲ್ಲ, ಅದನ್ನು ಓದಿದಾಗಲೆಲ್ಲ ನನಗೆ ಬೆರಗು. ಆಮೇಲೆ ಇಬ್ಬರೂ ಮೋಡಗಳನ್ನು ಅಟ್ಟಿಕೊಂಡು ಬಂದು ರಾತ್ರಿಯಿಡೀ ಚಿತೆಯನ್ನು ಊದಿ, ಬೆಳಗಾದ ಮೇಲೆ ಥ್ರೇಸಿನ ಕಡಲನ್ನು ಹಾದು ಮನೆಗೆ ಮರಳುತ್ತಾರೆ.

ಅದೇ ಕಾವ್ಯದಲ್ಲಿ ಇನ್ನೊಂದು ಕಡೆ ಟ್ರಾಯ್ ವಂಶದ ಎರಿಕ್ಥೋನಿಯಸ್‌ನ 3,000 ಹೆಣ್ಣು ಕುದುರೆಗಳ ಪ್ರಸ್ತಾಪವಿದೆ. ಹುಲ್ಲುಗಾವಲಿನಲ್ಲಿ ಮೇಯುತ್ತಿದ್ದ ಅವುಗಳಿಗೆ ಮನಸೋತ ಬೋರಿಯಾಸ್ ಕಪ್ಪು ಕೇಸರದ ಗಂಡು ಕುದುರೆಯಾಗಿ ಬಂದನಂತೆ. ಹುಟ್ಟಿದ 12 ಮರಿಗಳು ಹೊಲದ ಮೇಲೆ ಓಡಿದರೆ ತೆನೆ ಮುರಿಯುತ್ತಿರಲಿಲ್ಲ, ಕಡಲ ಮೇಲೆ ಓಡಿದರೆ ಅಲೆಯ ನೊರೆಯ ಮೇಲೆಯೇ ಹೆಜ್ಜೆ. ಗಾಳಿಗೆ ಮುಖ ಮಾಡಿ ನಿಂತ ಹೆಣ್ಣು ಕುದುರೆ ಗಬ್ಬವಾಗುತ್ತದೆ ಎಂಬ ನಂಬಿಕೆ ಆ ಲೋಕದಲ್ಲಿ ಬಹುಕಾಲ ಉಳಿದಿತ್ತು.

ಇದೆಲ್ಲ ವೀರರ ಲೋಕ. ರೈತನ ಲೋಕದಲ್ಲಿ ಬೋರಿಯಾಸ್ ಹೇಗಿದ್ದ ಎಂಬುದನ್ನು ಮತ್ತೆ ಹೆಸಿಯಡ್‌ನಿಂದಲೇ ಕೇಳಬೇಕು. ಅವನ ಊರು ಬೊಯೋಷಿಯಾದ ಅಸ್ಕ್ರಾ. ಚಳಿಗಾಲದಲ್ಲಿ ಕೆಟ್ಟದ್ದು, ಬೇಸಿಗೆಯಲ್ಲಿ ಕಷ್ಟದ್ದು, ಎಂದೂ ಒಳ್ಳೆಯದಲ್ಲ ಎಂದು ತನ್ನ ಊರನ್ನೇ ಬೈದವನು. ಸುಮಾರು ನಮ್ಮ ಜನವರಿಗೆ ಹೊಂದುವ ಲೆನಾಯೋನ್ ಮಾಸದ ದಿನಗಳನ್ನು ‘ಎತ್ತಿನ ಚರ್ಮ ಸುಲಿಯುವ ದಿನಗಳು’ ಎಂದು ಕರೆಯುತ್ತಾನೆ. ಕುದುರೆಗಳ ನಾಡಾದ ಥ್ರೇಸಿನಿಂದ ಹೊರಟ ಬೋರಿಯಾಸ್ ಕಡಲನ್ನು ಕಲಕುತ್ತಾನೆ, ನೆಲವೂ ಕಾಡೂ ಗೂಳಿಯಂತೆ ಮೊರೆಯುತ್ತವೆ, ಓಕ್ ಮರಗಳು ಉರುಳುತ್ತವೆ, ಕಾಡು ಪ್ರಾಣಿಗಳು ಬಾಲವನ್ನು ಕಾಲಸಂದಿಗೆ ಸೇರಿಸಿಕೊಂಡು ನಡುಗುತ್ತವೆ. ಎತ್ತಿನ ತೊಗಲನ್ನು ಹಾದು ಹೋಗುವ ಈ ಗಾಳಿ ಮೇಕೆಯ ಕೂದಲನ್ನೂ ಹಾದು ಹೋಗುತ್ತದೆ. ಕುರಿಯ ಉಣ್ಣೆಯನ್ನು ಮಾತ್ರ ಹಾಯಲಾರದು. ಮುದುಕನನ್ನು ಬಂಡಿಯ ಚಕ್ರದಂತೆ ಬಗ್ಗಿಸುತ್ತದೆ. ಆದರೆ ಮನೆಯೊಳಗೆ ತಾಯಿಯ ಪಕ್ಕದಲ್ಲಿ ಎಣ್ಣೆ ಹಚ್ಚಿ ಮಿಂದು ಮಲಗಿದ ಎಳೆಯ ಹುಡುಗಿಯ ಮೈಗೆ ಅದು ತಾಗುವುದಿಲ್ಲ. ಅದೇ ಹೊತ್ತಿಗೆ ಕಡಲಾಳದ ಚಳಿಮನೆಯಲ್ಲಿ ‘ಮೂಳೆಯಿಲ್ಲದವನು’, ಅಂದರೆ ಆಕ್ಟೋಪಸ್, ಹಸಿವಿಗೆ ತನ್ನ ಕಾಲನ್ನೇ ಕಚ್ಚುತ್ತಿರುತ್ತಾನೆ. ಇಷ್ಟು ಹೇಳಿ ಹೆಸಿಯಡ್ ದೇವರ ಕಥೆಗೆ ಹೋಗುವುದಿಲ್ಲ, ಬಟ್ಟೆಯ ವಿಷಯಕ್ಕೆ ಬರುತ್ತಾನೆ: ದಪ್ಪ ಅಂಗಿ ತೊಡು, ಪಾದರಕ್ಷೆಯ ಒಳಗೆ ಉಣ್ಣೆಯ ಕಂಬಳಿ ಹಾಸು, ಕಿವಿ ನೆನೆಯದಂತೆ ಟೋಪಿ ಹಾಕು, ಬೇಗ ಕೆಲಸ ಮುಗಿಸಿ ಮನೆಗೆ ಬಾ.

ಈಸೋಪನ ದಾರಿಹೋಕ ಕಂಬಳಿಯನ್ನು ಯಾಕೆ ಅಷ್ಟು ಬಿಗಿಯಾಗಿ ಹಿಡಿದುಕೊಂಡ ಎಂಬುದು ಈಗ ತಿಳಿಯುತ್ತದೆ.

ಮದುವೆಯ ಸಂಗತಿ

ಇಂಥ ಗಾಳಿ ಅಥೆನ್ಸಿಗೆ ಅಳಿಯನಾದದ್ದು ಹೇಗೆ? ಅಥೆನ್ಸಿನ ಪುರಾಣ ಕಾಲದ ದೊರೆ ಎರೆಕ್ಥಿಯಸ್. ಅವನ ಮಗಳು ಒರೈಥಿಯಾ ಇಲಿಸ್ಸೋಸ್ ನದಿಯ ದಂಡೆಯಲ್ಲಿ ಆಡುತ್ತಿದ್ದಾಗ ಬೋರಿಯಾಸ್ ಬಂದು ಹೊತ್ತುಕೊಂಡು ಹೋದ. ಥ್ರೇಸಿನಲ್ಲಿ ಅವಳಿಗೆ ನಾಲ್ಕು ಮಕ್ಕಳಾದರು. ಜೀಟೀಸ್ ಮತ್ತು ಕಲಾಯಿಸ್ ರೆಕ್ಕೆಯ ಅವಳಿಗಳು. ಚಿನ್ನದ ಉಣ್ಣೆಯನ್ನು ತರಲು ಹೋದ ಆರ್ಗೋ ಹಡಗಿನಲ್ಲಿದ್ದು, ಕುರುಡ ಫಿನಿಯಸ್‌ನ ಊಟ ಕಸಿಯುತ್ತಿದ್ದ ಹಾರ್ಪಿಗಳೆಂಬ ರೆಕ್ಕೆಯ ಹೆಣ್ಣುಗಳನ್ನು ಅಟ್ಟಿದವರು. ಆ ಫಿನಿಯಸ್‌ನ ಹೆಂಡತಿಯಾಗಿದ್ದ ಕ್ಲಿಯೋಪಾತ್ರಾ ಅವರ ಸೋದರಿಯೇ (ಈಜಿಪ್ಟಿನ ರಾಣಿಯಲ್ಲ). ನಾಲ್ಕನೆಯವಳು ಕಿಯೋನಿ, ಹೆಸರಿನ ಅರ್ಥ ಹಿಮ.

ರೋಮನ್ ಕವಿ ಓವಿಡ್ ಇದನ್ನು ಇನ್ನಷ್ಟು ಬಿಚ್ಚಿ ಹೇಳಿದ್ದಾನೆ. ಬೋರಿಯಾಸ್ ಮೊದಲು ಬಾಯಿಮಾತಿನಲ್ಲಿ ಹೆಣ್ಣು ಕೇಳಿದನಂತೆ. ಥ್ರೇಸಿನವನೆಂಬ ಕಾರಣಕ್ಕೆ ಕೊಡಲಿಲ್ಲ. ಕೊನೆಗೆ, ಬೇಡಿಕೊಳ್ಳುವುದು ನನ್ನ ಜಾಯಮಾನವಲ್ಲ, ಬಲವೇ ನನಗೆ ಸಲ್ಲುವುದು ಎಂದು ರೆಕ್ಕೆ ಬಡಿದು ಧೂಳೆಬ್ಬಿಸಿ ಬಂದ. ನಮ್ಮ ಧರ್ಮಶಾಸ್ತ್ರಕಾರರು ಎಂಟು ಬಗೆಯ ವಿವಾಹಗಳಲ್ಲಿ ಇದಕ್ಕೊಂದು ಹೆಸರಿಟ್ಟಿದ್ದಾರೆ, ರಾಕ್ಷಸ ವಿವಾಹ. ಹೆಸರು ಇಟ್ಟ ಮಾತ್ರಕ್ಕೆ ಅಪಹರಣ ಅಪಹರಣವಾಗದೆ ಹೋಗುವುದಿಲ್ಲ. ಹೂದಾನಿಗಳ ಮೇಲಿನ ಚಿತ್ರಗಳಲ್ಲಿ ಒರೈಥಿಯಾ ಕೈ ಚಾಚಿ ಓಡುತ್ತಿರುತ್ತಾಳೆ. ಚಿತ್ರಕಾರರಿಗೆ ಅವಳ ಗಾಬರಿ ಕಂಡಿತ್ತು. ಊರಿನ ಹಿರಿಯರಿಗೆ ಕಂಡದ್ದು ನೆಂಟಸ್ತಿಕೆ.

ಆ ನೆಂಟಸ್ತಿಕೆ ಕ್ರಿ.ಪೂ. 480ರಲ್ಲಿ ಕೆಲಸಕ್ಕೆ ಬಂತು. ಪರ್ಷಿಯಾದ ಚಕ್ರವರ್ತಿ ಝರ್ಕ್ಸಿಸ್‌ನ ಸೇನೆ ಗ್ರೀಸಿನ ಮೇಲೆ ಇಳಿದು ಬರುತ್ತಿತ್ತು. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಕೊಡುವ ಲೆಕ್ಕದಲ್ಲಿ ಯುದ್ಧನೌಕೆಗಳೇ 1,207. ಡೆಲ್ಫಿಯ ದೈವವಾಣಿ ‘ಗಾಳಿಗಳಿಗೆ ಮೊರೆಯಿಡಿ’ ಎಂದಿತು. ಅಥೆನ್ಸಿನವರಿಗೆ ಇನ್ನೊಂದು ವಾಣಿ ‘ನಿಮ್ಮ ಗಂಬ್ರೋಸ್‌ನನ್ನು ನೆರವಿಗೆ ಕರೆಯಿರಿ’ ಎಂದಿತಂತೆ. ಗಂಬ್ರೋಸ್ ಎಂದರೆ ಅಳಿಯ, ಭಾವ, ಒಟ್ಟಿನಲ್ಲಿ ಹೆಣ್ಣು ಕೊಟ್ಟು ಬಂದ ನೆಂಟ. ನಮ್ಮೂರ ಹೆಣ್ಣನ್ನು ಕಟ್ಟಿಕೊಂಡ ದೇವರು ಯಾರು ಎಂದು ಯೋಚಿಸಿದ ಅಥೆನ್ಸಿನವರಿಗೆ ಹೊಳೆದದ್ದು ಬೋರಿಯಾಸ್. ಅಳಿಯ ಅಲ್ಲ, ಮಗಳ ಗಂಡ ಎಂಬ ಗಾದೆ ಅವರಿಗೆ ಗೊತ್ತಿದ್ದರೆ ದೈವವಾಣಿಯನ್ನು ಬಿಡಿಸಲು ಇಷ್ಟೂ ಹೊತ್ತು ಹಿಡಿಯುತ್ತಿರಲಿಲ್ಲ. ಯೂಬಿಯಾ ದ್ವೀಪದ ಕಾಲ್ಕಿಸ್‌ನಲ್ಲಿ ಬೀಡುಬಿಟ್ಟಿದ್ದ ಅವರು ಬೋರಿಯಾಸ್ ಒರೈಥಿಯಾ ಇಬ್ಬರಿಗೂ ಬಲಿಯಿತ್ತು ಬೇಡಿಕೊಂಡರು. ಹನ್ನೆರಡು ವರ್ಷ ಹಿಂದೆ ಇದೇ ಪರ್ಷಿಯನ್ನರ ಇನ್ನೊಂದು ನೌಕಾಪಡೆ ಆಥೋಸ್ ಭೂಶಿರದ ಹತ್ತಿರ ಬಡಗಾಳಿಗೆ ಸಿಕ್ಕಿ ಸುಮಾರು 300 ಹಡಗು ಕಳೆದುಕೊಂಡಿತ್ತು. ಹಾಗೆಯೇ ಮತ್ತೊಮ್ಮೆ ಮಾಡು ಎಂದು ಕೇಳಿದರು.

ಪರ್ಷಿಯನ್ ಹಡಗುಗಳು ಮ್ಯಾಗ್ನೀಷಿಯಾ ತೀರದಲ್ಲಿ, ಸೆಪಿಯಾಸ್ ಭೂಶಿರದ ಬಳಿ ಲಂಗರು ಹಾಕಿದ್ದವು. ದಂಡೆ ಸಾಲದೆ ಒಂದರ ಹಿಂದೆ ಒಂದರಂತೆ ಎಂಟು ಸಾಲು. ಬೆಳಗಿನ ಜಾವ ಆಕಾಶ ತಿಳಿಯಾಗಿತ್ತು, ಗಾಳಿಯೇ ಇರಲಿಲ್ಲ. ಇದ್ದಕ್ಕಿದ್ದಂತೆ ಕಡಲು ಕುದಿಯತೊಡಗಿತು. ಬಿರುಗಾಳಿ ಮೂರು ದಿನ ಬಿಡದೆ ಹೊಡೆಯಿತು. ಕಡಿಮೆ ಹೇಳುವವರ ಲೆಕ್ಕದಲ್ಲೇ 400 ಹಡಗು ಹೋದವು. ಪರ್ಷಿಯನ್ನರ ಪುರೋಹಿತರಾದ ಮಾಗಿಗಳು ಬಲಿ ಕೊಟ್ಟು ಮಂತ್ರ ಹೇಳಿ ನಾಲ್ಕನೆಯ ದಿನ ಗಾಳಿಯನ್ನು ನಿಲ್ಲಿಸಿದರು. ‘ಅಥವಾ ಅದು ತಾನಾಗಿಯೇ ನಿಂತಿತು’ ಎಂದು ಪಕ್ಕದಲ್ಲೇ ಸೇರಿಸುತ್ತಾನೆ ಹೆರೊಡೋಟಸ್. ಆ ತೀರದಲ್ಲಿ ಜಮೀನಿದ್ದ ಅಮೈನೋಕ್ಲಿಸ್ ಎಂಬವನು ದಡಕ್ಕೆ ಬಂದು ಬಿದ್ದ ಬೆಳ್ಳಿ ಬಂಗಾರದ ಬಟ್ಟಲುಗಳನ್ನು ಆಯ್ದುಕೊಂಡು ಸಾಹುಕಾರನಾದ ಎಂಬುದನ್ನೂ ಅವನು ಬಿಡುವುದಿಲ್ಲ.

ಒಂದು ಸಣ್ಣ ತೊಡಕಿದೆ. ಆ ಗಾಳಿ ಎದ್ದದ್ದನ್ನು ಹೇಳುವಾಗ ಹೆರೊಡೋಟಸ್ ಅದನ್ನು ಬಡಗಾಳಿ ಎಂದು ಕರೆಯುವುದಿಲ್ಲ. ಮೂಡಣದಿಂದ ಬಂದ ಗಾಳಿ, ಸ್ಥಳೀಯರು ಅದನ್ನು ‘ಹೆಲೆಸ್ಪಾಂಟಿನ ಗಾಳಿ’ ಎನ್ನುತ್ತಾರೆ ಎಂದು ಬರೆಯುತ್ತಾನೆ (ಹೆಲೆಸ್ಪಾಂಟ್ ಅಲ್ಲಿಂದ ಈಶಾನ್ಯಕ್ಕಿರುವ ಜಲಸಂಧಿ). ಅದೇ ಗಾಳಿ ಅಥೆನ್ಸಿನವರ ಬಾಯಲ್ಲಿ ಬೋರಿಯಾಸ್ ಆಯಿತು. ಈಶಾನ್ಯದಿಂದ ಬಂದದ್ದನ್ನು ಉತ್ತರದ್ದು ಎಂದರೆ ಮಹಾಪರಾಧವೇನಲ್ಲ, ಆದರೆ ನೆಂಟನ ಹೆಸರಿಗೆ ಜಮಾ ಮಾಡುವ ಆತುರ ಅಲ್ಲಿ ಕಾಣುತ್ತದೆ. ಬೋರಿಯಾಸ್ ಪರ್ಷಿಯನ್ನರ ಮೇಲೆ ಬಿದ್ದದ್ದು ಈ ಪ್ರಾರ್ಥನೆಯಿಂದಲೇ ಏನು ಎಂದು ನಾನು ಹೇಳಲಾರೆ, ಅಥೆನ್ಸಿನವರಂತೂ ಹಾಗೆನ್ನುತ್ತಾರೆ ಎಂದು ಇತಿಹಾಸಕಾರ ಕೈ ತೊಳೆದುಕೊಳ್ಳುತ್ತಾನೆ. ಅಥೆನ್ಸಿನವರು ಮಾತ್ರ ಕೊಟ್ಟ ಮಾತಿನಂತೆ ಇಲಿಸ್ಸೋಸ್ ದಂಡೆಯಲ್ಲಿ ಬೋರಿಯಾಸ್‌ಗೆ ಗುಡಿ ಕಟ್ಟಿಸಿದರು. ಮುಂದಿನ ದಶಕಗಳಲ್ಲಿ ಅಲ್ಲಿನ ಕೆಂಪು ಚಿತ್ರದ ಹೂದಾನಿಗಳ ಮೇಲೆ ಬೋರಿಯಾಸ್ ಒರೈಥಿಯಾಳನ್ನು ಅಟ್ಟುವ ದೃಶ್ಯ ಮತ್ತೆ ಮತ್ತೆ ಬರತೊಡಗಿತು. ಡೆಲೋಸ್ ದ್ವೀಪದಲ್ಲಿ ಅವರು ಕಟ್ಟಿಸಿದ ದೇವಾಲಯದ ನೆತ್ತಿಯ ಮೇಲೂ ಅದೇ ಶಿಲ್ಪ. ಅಥೆನ್ಸಿನ ಹಿಡಿತದಲ್ಲಿದ್ದ ನೌಕಾ ಒಕ್ಕೂಟದ ಮೂಲ ಕೇಂದ್ರ ಡೆಲೋಸ್. ಅಲ್ಲಿಗೆ ಬರುವವರೆಲ್ಲ ತಲೆಯೆತ್ತಿ ನೋಡಬೇಕಾದದ್ದು ಗಾಳಿಯೂ ನಮ್ಮ ನೆಂಟ ಎಂಬುದನ್ನು.

ಆ ಗುಡಿಯ ಆಸುಪಾಸಿನಲ್ಲೇ ಪ್ಲೇಟೋನ ಸಂವಾದವೊಂದರಲ್ಲಿ ಸಾಕ್ರಟೀಸ್ ಗೆಳೆಯ ಫೀಡ್ರಸ್‌ನೊಡನೆ ಬರಿಗಾಲಲ್ಲಿ ಇಲಿಸ್ಸೋಸ್ ನೀರಿನೊಳಗೆ ನಡೆಯುತ್ತಿರುತ್ತಾನೆ. ಒರೈಥಿಯಾಳನ್ನು ಎತ್ತಿಕೊಂಡು ಹೋದದ್ದು ಇಲ್ಲೇ ಅಲ್ಲವೇ ಎಂದು ಫೀಡ್ರಸ್ ಕೇಳುತ್ತಾನೆ. ಇಲ್ಲಲ್ಲ, ಸ್ವಲ್ಪ ಕೆಳಗೆ, ಹೊಳೆ ದಾಟುವ ಕಡೆ, ಅಲ್ಲಿ ಬೋರಿಯಾಸ್‌ನ ಪೀಠವಿದೆ ಎಂದು ದಾರಿ ತೋರಿಸುವವನಂತೆ ಹೇಳುತ್ತಾನೆ ಸಾಕ್ರಟೀಸ್. ನೀನು ಈ ಕಥೆಯನ್ನು ನಂಬುತ್ತೀಯಾ ಎಂಬುದು ಮುಂದಿನ ಪ್ರಶ್ನೆ. ಪಂಡಿತರಂತೆ ನಂಬದೆಯೂ ಇರಬಹುದು, ಬೀಸುಗಾಳಿ ಹುಡುಗಿಯನ್ನು ಬಂಡೆಯಿಂದ ಕೆಳಕ್ಕೆ ತಳ್ಳಿತು, ಸತ್ತವಳನ್ನು ಬೋರಿಯಾಸ್ ಒಯ್ದ ಎಂದು ಜನ ಹೇಳಿದರು ಎಂಬ ವಿವರಣೆ ಕೊಡಬಹುದು. ಆದರೆ ಒಂದಕ್ಕೆ ವಿವರಣೆ ಕೊಟ್ಟರೆ ಕಿನ್ನರ ಕಿಂಪುರುಷರಂಥ ವಿಚಿತ್ರ ಜೀವಿಗಳಿಗೆಲ್ಲ ಕೊಡುತ್ತಾ ಕೂರಬೇಕಾಗುತ್ತದೆ, ನನಗಿನ್ನೂ ನನ್ನನ್ನೇ ಅರಿತುಕೊಳ್ಳಲು ಆಗಿಲ್ಲ, ಅದಕ್ಕೆಲ್ಲ ಪುರುಸೊತ್ತಿಲ್ಲ ಎನ್ನುತ್ತಾನೆ ಸಾಕ್ರಟೀಸ್. ಪುರಾಣವನ್ನು ಹವಾಮಾನವಾಗಿ ಬಿಡಿಸುವ ಚಾಳಿ ಇಷ್ಟು ಹಳೆಯದು. ಅದರ ಬಗ್ಗೆ ಬೇಸರವೂ ಅಷ್ಟೇ ಹಳೆಯದು.

ಪೌರತ್ವ ಪಡೆದ ಗಾಳಿ

ಅಥೆನ್ಸನ್ನು ನೋಡಿ ಬೇರೆ ಊರುಗಳೂ ಕಲಿತವು. ದಕ್ಷಿಣ ಇಟಲಿಯ ಥೂರಿ ಎಂಬ ಗ್ರೀಕ್ ಊರಿನ ಮೇಲೆ ಸಿರಕ್ಯೂಸಿನ ಸರ್ವಾಧಿಕಾರಿ ಡಯೊನಿಸಿಯಸ್ 300 ಹಡಗುಗಳಲ್ಲಿ ಸೈನಿಕರನ್ನು ತುಂಬಿಕೊಂಡು ಬಂದ. ಬಡಗಾಳಿ ಎದ್ದು ಹಡಗುಗಳನ್ನು ಪುಡಿ ಮಾಡಿತು. ಥೂರಿಯವರು ಸಭೆ ಸೇರಿ ಬೋರಿಯಾಸ್‌ಗೆ ತಮ್ಮ ಊರಿನ ಪೌರತ್ವ ಕೊಡಲು ಠರಾವು ಮಾಡಿದರು; ಒಂದು ಮನೆ, ಒಂದು ತುಂಡು ಜಮೀನು ಬರೆದುಕೊಟ್ಟರು, ವರ್ಷಕ್ಕೊಮ್ಮೆ ಬಲಿ ಗೊತ್ತುಮಾಡಿದರು. ಇದನ್ನು ದಾಖಲಿಸಿದ ಲೇಖಕ ಈಲಿಯನ್, ಅವನನ್ನು ನೆಂಟನೆಂದುಕೊಂಡವರು ಅಥೆನ್ಸಿನವರಷ್ಟೇ ಅಲ್ಲ, ಥೂರಿಯವರು ಉಪಕಾರಿಯೆಂದು ಬರೆದುಕೊಂಡರು ಎನ್ನುತ್ತಾನೆ. ಆ ಖಾತೆಯ ಕಂದಾಯವನ್ನು ಯಾರು ಕಟ್ಟುತ್ತಿದ್ದರೋ! ಆರ್ಕೇಡಿಯಾದ ಮೆಗಲೋಪೊಲಿಸ್‌ನಲ್ಲೂ ಇಂಥದೇ ಸಂದರ್ಭ. ಸ್ಪಾರ್ಟಾದ ದೊರೆ ಏಗಿಸ್ ಕೋಟೆಗೋಡೆಗೆ ತಂದು ನಿಲ್ಲಿಸಿದ್ದ ಯಂತ್ರವನ್ನು ಬೋರಿಯಾಸ್ ಮುರಿದು ಹಾಕಿದ ಮೇಲೆ ಆ ಊರಿನವರು ಯಾವ ದೇವರಿಗೂ ಅವನಿಗಿಂತ ಹೆಚ್ಚು ಮರ್ಯಾದೆ ಕೊಡುತ್ತಿರಲಿಲ್ಲ ಎಂದು ಪ್ರವಾಸಿ ಪೌಸೇನಿಯಸ್ ಬರೆದಿದ್ದಾನೆ.

ಎಲ್ಲ ಗಾಳಿಗೂ ಈ ಭಾಗ್ಯವಿರಲಿಲ್ಲ. ಮೆಥಾನಾದಲ್ಲಿ ದ್ರಾಕ್ಷಿ ಚಿಗುರನ್ನು ಸುಡುವ ನೈಋತ್ಯ ಗಾಳಿ ಲಿಪ್ಸ್‌ಗೆ ಜನ ಬೇರೆಯದೇ ಮದ್ದು ಮಾಡುತ್ತಿದ್ದರು. ಬಿಳಿ ರೆಕ್ಕೆಯ ಹುಂಜವೊಂದನ್ನು ಎರಡು ಹೋಳು ಮಾಡಿ, ಇಬ್ಬರು ಒಂದೊಂದು ಹೋಳು ಹಿಡಿದು ತೋಟದ ಸುತ್ತ ಎದುರು ದಿಕ್ಕಿನಲ್ಲಿ ಓಡಿ, ಹೊರಟ ಜಾಗದಲ್ಲೇ ಮತ್ತೆ ಸೇರಿ ಅದನ್ನು ಹೂಳುತ್ತಿದ್ದರು. ಟಿಟಾನೆ ಎಂಬಲ್ಲಿ ವರ್ಷಕ್ಕೊಂದು ರಾತ್ರಿ ಪೂಜಾರಿ ಗಾಳಿಗಳಿಗೆ ಬಲಿ ಕೊಟ್ಟು, ನಾಲ್ಕು ಗುಂಡಿಗಳಲ್ಲಿ ಗುಟ್ಟಿನ ವಿಧಿಗಳನ್ನು ನಡೆಸುತ್ತಿದ್ದ. ಇಲ್ಲಿ ನೆಂಟಸ್ತಿಕೆಯ ಮಾತಿಲ್ಲ. ಗಾಳಿಗೆ ಕಟ್ಟು ಹಾಕುವ ಕೆಲಸ.

ಅಳಿಯನನ್ನು ನೆಚ್ಚಿಕೊಂಡರೂ ಕಷ್ಟವೇ. ಟ್ರಾಯ್‌ಗೆ ಹೊರಟ ಗ್ರೀಕ್ ಹಡಗುಗಳನ್ನು ಔಲಿಸ್‌ನಲ್ಲಿ ಕಟ್ಟಿಹಾಕಿದ್ದು, ಕೊನೆಗೆ ಇಫಿಜೀನಿಯಾ ಎಂಬ ಹುಡುಗಿಯನ್ನು ತಂದೆಯೇ ಬಲಿ ಕೊಡುವಂತೆ ಮಾಡಿದ್ದು, ಈಸ್ಕಿಲಸ್‌ನ ನಾಟಕದ ಪ್ರಕಾರ ಸ್ಟ್ರೈಮೋನ್ ನದಿಯ ಕಡೆಯಿಂದ ಬೀಸಿದ ಗಾಳಿ. ಸ್ಟ್ರೈಮೋನ್ ಇರುವುದು ಥ್ರೇಸಿನಲ್ಲಿ. ಇನ್ನು ಕ್ರಿ.ಪೂ. 4ನೇ ಶತಮಾನದ ನಡುವೆ ಮ್ಯಾಸಿಡೋನಿಯಾದ ಫಿಲಿಪ್ ಉತ್ತರದಲ್ಲಿ ಒಂದೊಂದೇ ಊರು ನುಂಗುತ್ತಿದ್ದಾಗ ವಾಗ್ಮಿ ಡೆಮೊಸ್ಥೆನೀಸ್ ಅಥೆನ್ಸಿನವರನ್ನು ಎಚ್ಚರಿಸಿದ್ದು ಇದನ್ನೇ: ಆ ಮನುಷ್ಯ ಬೇಸಿಗೆಯ ಬಡಗಾಳಿಯನ್ನೋ ಚಳಿಗಾಲವನ್ನೋ ಕಾದು ಕೈ ಹಾಕುತ್ತಾನೆ, ಆ ಹೊತ್ತಿನಲ್ಲಿ ನಮ್ಮ ಹಡಗುಗಳು ಅಲ್ಲಿಗೆ ಮುಟ್ಟಲಾರವು. ಝರ್ಕ್ಸಿಸ್‌ನನ್ನು ಮುಳುಗಿಸಿದ ಗಾಳಿಯ ನಾಡಿನವರೇ ಈಗ ಅದನ್ನು ಬೆನ್ನಿಗೆ ಹಾಕಿಕೊಂಡು ಕೆಳಕ್ಕೆ ಬರುತ್ತಿದ್ದರು.

ಡೆಮೊಸ್ಥೆನೀಸ್ ಹೇಳಿದ ಆ ಬೇಸಿಗೆಯ ಗಾಳಿಗೆ ಎಟೀಸಿಯನ್ ಎಂದು ಹೆಸರು, ‘ವರ್ಷ ವರ್ಷ ಬರುವುದು’ ಎಂಬ ಅರ್ಥ. ಇಂದಿನ ಗ್ರೀಕರು ಮೆಲ್ಟೆಮಿ ಎನ್ನುತ್ತಾರೆ. ಜುಲೈ ಆಗಸ್ಟ್‌ನಲ್ಲಿ ದ್ವೀಪಗಳಿಗೆ ಹೋಗುವ ದೋಣಿಗಳು ರದ್ದಾಗುವುದು ಇಂದಿಗೂ ಅದರ ದೆಸೆಯಿಂದ. ಸ್ವಚ್ಛ ಆಕಾಶದಿಂದ ಹಠಾತ್ತನೆ ಬೀಸುವುದು ಅದರ ಗುಣ. ಕಾರಣ ಕೇಳಿದರೆ ನಮಗೆ ತೀರಾ ದೂರದ್ದಲ್ಲ. ಬೇಸಿಗೆಯಲ್ಲಿ ಬಾಲ್ಕನ್ ಪ್ರದೇಶದ ಮೇಲೆ ವಾಯುವಿನ ಒತ್ತಡ ಹೆಚ್ಚಿರುತ್ತದೆ. ಪೂರ್ವಕ್ಕೆ, ಭಾರತದ ವಾಯವ್ಯ ಭಾಗದಿಂದ ಇರಾನ್ ಇರಾಕ್ ಮೇಲಾಗಿ ಅನಟೋಲಿಯಾದವರೆಗೆ, ಬಿಸಿಲಿಗೆ ಕಾದ ನೆಲದ ಮೇಲೆ ಕಡಿಮೆ ಒತ್ತಡದ ಉದ್ದನೆಯ ಪಟ್ಟಿ ಚಾಚಿಕೊಂಡಿರುತ್ತದೆ. ಇವೆರಡರ ನಡುವೆ ಸಿಕ್ಕಿದ ಏಜಿಯನ್ ಕಡಲಿನ ಮೇಲೆ ಗಾಳಿ ಉತ್ತರದಿಂದ ದಕ್ಷಿಣಕ್ಕೆ ನುಗ್ಗುತ್ತದೆ. ಆ ಪಟ್ಟಿಯ ಪೂರ್ವದ ಭಾಗವೇ ಅರಬ್ಬೀ ಸಮುದ್ರದಿಂದ ನಮ್ಮ ಮುಂಗಾರನ್ನು ಎಳೆದು ತರುವುದು. ಆಗುಂಬೆಯಲ್ಲಿ ಮಳೆ ಹಿಡಿದು ಕೂತ ದಿನಗಳೂ ಏಜಿಯನ್‌ನಲ್ಲಿ ಬಡಗಾಳಿ ಅಬ್ಬರಿಸುವ ದಿನಗಳೂ ಹೀಗೆ ಒಂದೇ ದೊಡ್ಡ ವ್ಯವಸ್ಥೆಯ ಎರಡು ತುದಿಗಳು. ಚಳಿಗಾಲದ ಬೋರಿಯಾಸ್‌ನ ದಾರಿ ಇನ್ನೂ ಸರಳ: ಬಾಲ್ಕನ್ ಪರ್ವತಗಳ ಆಚೆ ಗಡ್ಡೆಕಟ್ಟಿದ ತಂಪು ಗಾಳಿ ಕಣಿವೆಗಳಲ್ಲಿ ಇಳಿದು ಥ್ರೇಸಿನ ತೀರದಿಂದ ಕಡಲಿಗೆ ಬೀಳುತ್ತದೆ. ಅವನ ಮನೆ ಥ್ರೇಸಿನಲ್ಲಿದೆ ಎಂದ ಪುರಾಣಕಾರರು ದಿಕ್ಕು ತಪ್ಪಿರಲಿಲ್ಲ.

ಬೋರಿಯಾಸ್‌ನ ಮುಖ ನೋಡಬೇಕೆಂದರೆ ಇಂದಿಗೂ ಅಥೆನ್ಸಿನ ರೋಮನ್ ಮಾರುಕಟ್ಟೆಯ ಅವಶೇಷಗಳ ನಡುವೆ ನಿಂತಿರುವ ಗಾಳಿಗಳ ಗೋಪುರಕ್ಕೆ ಹೋಗಬೇಕು. ಕಿರಸ್ ಊರಿನ ಆಂಡ್ರೊನಿಕಸ್ ಎಂಬ ಖಗೋಳಜ್ಞ ಕ್ರಿಸ್ತಪೂರ್ವದ ಕೊನೆಯ ಎರಡು ಶತಮಾನಗಳಲ್ಲಿ ಯಾವಾಗಲೋ ಕಟ್ಟಿಸಿದ, ಎಂಟು ಮೂಲೆಯ, ಸುಮಾರು 12 ಮೀಟರ್ ಎತ್ತರದ ಅಮೃತಶಿಲೆಯ ಕಟ್ಟಡ. ಗೋಡೆಗಳ ಮೇಲೆ ನೆರಳು ಗಡಿಯಾರ; ಒಳಗೆ ಒಂದು ಕಾಲಕ್ಕೆ ನೀರಿನ ಗಡಿಯಾರವಿತ್ತು, ನೆತ್ತಿಯ ಮೇಲೆ ಗಾಳಿ ಬಂದತ್ತ ತಿರುಗುವ ಕಂಚಿನ ಟ್ರೈಟನ್ ಎಂಬ ಕಡಲದೇವರಿದ್ದ. ಎಂಟು ಮುಖಗಳ ಮೇಲೆ ಹಾರುತ್ತಿರುವ ಎಂಟು ಗಾಳಿಗಳು. ನೋಟೋಸ್ ಕೊಡದಿಂದ ನೀರು ಸುರಿಯುತ್ತಾನೆ, ಎಳೆಯ ಜೆಫಿರೋಸ್ ಉಡಿಯಲ್ಲಿ ಹೂ ತುಂಬಿಕೊಂಡಿದ್ದಾನೆ, ಈಶಾನ್ಯದ ಕೈಕಿಯಾಸ್ ಗುರಾಣಿಯಿಂದ ಆಲಿಕಲ್ಲು ಉದುರಿಸುತ್ತಾನೆ. ಉತ್ತರದ ಮುಖದಲ್ಲಿ ಬೋರಿಯಾಸ್: ಗಡ್ಡಧಾರಿ, ಕಾಲಿಗೆ ಬೂಟು, ಮೈಮೇಲೆ ದಪ್ಪ ನಿಲುವಂಗಿ, ಕೈಯಲ್ಲಿ ಊದುವ ಶಂಖ. ದಾರಿಹೋಕನ ಕಂಬಳಿ ಕಸಿಯಲು ಹೋದವನು ತಾನೇ ಬೆಚ್ಚಗೆ ಹೊದ್ದುಕೊಂಡಿದ್ದಾನೆ. ನಮ್ಮ ದೇವಾಲಯಗಳ ಮಂಟಪದ ಚಾವಣಿಯಲ್ಲಿ ಅಷ್ಟದಿಕ್ಪಾಲಕರನ್ನು ನೋಡಿದವರಿಗೆ ಈ ಎಂಟರ ಲೆಕ್ಕ ಪರಿಚಿತ ಎನಿಸಬಹುದು. ಆದರೆ ಅಲ್ಲಿ ವಾಯುವಿಗೆ ಸಿಕ್ಕಿರುವುದು ವಾಯವ್ಯದ ಒಂದು ಮೂಲೆ ಮಾತ್ರ, ಉಳಿದವು ಇಂದ್ರ, ಅಗ್ನಿ, ವರುಣ ಮೊದಲಾದವರಿಗೆ ಹಂಚಿಹೋಗಿವೆ. ಅಥೆನ್ಸಿನ ಗೋಪುರದಲ್ಲಿ ಎಂಟು ದಿಕ್ಕೂ ಗಾಳಿಗಳದ್ದೇ.

ಲ್ಯಾಟಿನ್ನಿನಲ್ಲಿ ಅವನಿಗೆ ಅಕ್ವಿಲೋ ಎಂಬ ಹೆಸರು ಇತ್ತಾದರೂ ಬೋರಿಯಾಸ್ ಎಂಬ ಮೂಲ ಹೆಸರೇ ಗಟ್ಟಿಯಾಗಿ ಉಳಿಯಿತು. ಧ್ರುವದ ಆಕಾಶದಲ್ಲಿ ಹಸಿರು ಬೆಳಕು ಆಡುವುದಕ್ಕೆ ಅರೋರಾ ಬೋರಿಯಾಲಿಸ್ ಎನ್ನುತ್ತಾರಲ್ಲ, ಅಲ್ಲಿ ಅರೋರಾ ಎಂದರೆ ರೋಮನ್ನರ ಉಷೆ, ಅಂದರೆ ಇಯೋಸ್. ಹೆಸಿಯಡ್‌ನ ವಂಶಾವಳಿಯ ತಾಯಿ ಮಗ ಇಬ್ಬರೂ ಒಂದೇ ಹೆಸರಿನಲ್ಲಿ ಕೂತಿದ್ದಾರೆ. ಈಸೋಪನ ಕಥೆಯೂ ಹೊಸ ಕೆಲಸ ಹಿಡಿದಿದೆ: ಬಡಗಾಳಿ ಮತ್ತು ಸೂರ್ಯನ ಆ ಐದಾರು ವಾಕ್ಯಗಳನ್ನೇ ಬೇರೆ ಬೇರೆ ಭಾಷೆಗಳ ಜನರಿಂದ ಹೇಳಿಸಿ ಅವುಗಳ ಉಚ್ಚಾರಣೆಯನ್ನು ದಾಖಲಿಸುವುದು ಅಂತರರಾಷ್ಟ್ರೀಯ ಧ್ವನಿವಿಜ್ಞಾನ ಸಂಘದ ಹಳೆಯ ರೂಢಿ.

ನಮ್ಮ ಕಡೆಗೂ ಅವನು ಬಂದಿದ್ದ, ವೇಷ ಬದಲಿಸಿಕೊಂಡು. ಅಲೆಕ್ಸಾಂಡರ್‌ನ ನಂತರ ಬ್ಯಾಕ್ಟ್ರಿಯಾ ಗಾಂಧಾರಗಳಲ್ಲಿ ನೆಲೆಯೂರಿದ ಗ್ರೀಕ್ ಕಲೆಯನ್ನು ಕುಷಾಣರು ತಮ್ಮದಾಗಿಸಿಕೊಂಡರು. ಕ್ರಿ.ಶ. 2ನೇ ಶತಮಾನದ ಕನಿಷ್ಕನ ತಾಮ್ರದ ನಾಣ್ಯಗಳನ್ನು ತಿರುಗಿಸಿ ನೋಡಿದರೆ ಗಡ್ಡದ ದೇವರೊಬ್ಬ ಓಡುತ್ತಿದ್ದಾನೆ. ತಲೆಗೂದಲು ಹಾರುತ್ತಿದೆ, ಎರಡೂ ಕೈಯಲ್ಲಿ ಹಿಡಿದ ಉತ್ತರೀಯ ತಲೆಯ ಹಿಂದೆ ಕಮಾನಿನಂತೆ ಉಬ್ಬಿದೆ. ಗಾಳಿ ತುಂಬಿದ ಆ ಬಟ್ಟೆಯ ಜಾಡು ಹಿಡಿದು ಕಲಾ ಇತಿಹಾಸಕಾರರು ಮಧ್ಯ ಏಷ್ಯಾದ ಗುಹಾಚಿತ್ರಗಳ ಮೂಲಕ ಜಪಾನಿನವರೆಗೆ ಹೋಗುತ್ತಾರೆ. ಅಲ್ಲಿ ಗಾಳಿಯ ದೇವರು ಫೂಜಿನ್‌ನ ಹೆಗಲ ಮೇಲೆ ಅದು ಚೀಲವಾಗಿದೆ. ಕನಿಷ್ಕನ ನಾಣ್ಯದ ಅಂಚಿನಲ್ಲಿ ದೇವರ ಹೆಸರೂ ಇದೆ. ಅಕ್ಷರಗಳು ಗ್ರೀಕ್, ಭಾಷೆ ಬ್ಯಾಕ್ಟ್ರಿಯನ್. ‘ಓಆಡೊ’ ಎಂದು ಓದಬೇಕು. ನಮ್ಮ ಅಜ್ಜಿಯರು ಮಂಡಿ ನೋವಿಗೆ ದೂರುತ್ತಿದ್ದ ‘ವಾತ’ಕ್ಕೂ ಆ ಪದಕ್ಕೂ ಬೇರು ಒಂದೇ.